ಡ್ರೋನ್ ಪಾಳಿಯ ಪಟ್ಟಿ ತರಿಸಿ ನೋಡಿ: ಸೇನಾ ವೈದ್ಯಕೀಯ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಗೆ,
ಆಯುಧ ಹೊತ್ತ ಡ್ರೋನ್‌ಗಳನ್ನು ಹಾರಿಸುವ ಎಲ್ಲ ದೇಶಗಳ ಸೇನಾ ವೈದ್ಯಕೀಯ ಸೇವೆಗಳ ಮುಖ್ಯಸ್ಥರಿಗೆ ಮತ್ತು ಡ್ರೋನ್ ಸ್ಕ್ವಾಡ್ರನ್‌ಗಳ ಕಮಾಂಡರ್‌ಗಳಿಗೆ

ವಿಷಯ: ಡ್ರೋನ್ ಆಪರೇಟರ್‌ಗಳ ಮಾನಸಿಕ ಆರೋಗ್ಯ, ಅವರ ಪಾಳಿ ಮತ್ತು ದಾಳಿಯ ನಂತರದ ಕ್ರಮಗಳ ಬಗ್ಗೆ

ಮಾನ್ಯರೇ,

ತಮ್ಮ ಅಧೀನದಲ್ಲಿರುವ ಯಾವುದಾದರೂ ಒಂದು ಡ್ರೋನ್ ಸ್ಕ್ವಾಡ್ರನ್‌ನ ಕಳೆದ ಮೂರು ತಿಂಗಳ ಪಾಳಿಯ ಪಟ್ಟಿಯನ್ನು ತರಿಸಿ, ಮೇಜಿನ ಮೇಲೆ ಹರಡಿಕೊಂಡು ಈ ಪತ್ರ ಓದಬೇಕೆಂದು ಕೋರುತ್ತೇವೆ. ಯಾರು ಎಷ್ಟು ಗಂಟೆ ಕುರ್ಚಿಯಲ್ಲಿದ್ದರು, ಯಾರ ಪಾಳಿ ಎಷ್ಟು ಸಲ ರಾತ್ರಿಯಿಂದ ಹಗಲಿಗೆ ಬದಲಾಯಿತು, ದಾಳಿ ನಡೆಸಿದ ಮರುದಿನವೇ ಯಾರು ಮತ್ತೆ ಅದೇ ಪರದೆಯ ಮುಂದೆ ಕೂತರು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಡ್ರೋನ್ ಆಪರೇಟರ್‌ಗಳ ಮನಸ್ಸಿನ ಆರೋಗ್ಯದ ಮಾತು ಬಂದಾಗಲೆಲ್ಲ ಆಪ್ತಸಮಾಲೋಚಕರನ್ನು ನೇಮಿಸಿದ್ದೇವೆ, ಸಹಾಯವಾಣಿ ಇದೆ ಎಂಬ ಉತ್ತರ ಬರುತ್ತದೆ. ಸಮಾಲೋಚಕರು ಬೇಕು, ಬೇಡವೆನ್ನುವುದಿಲ್ಲ. ಆದರೆ ತೊಂದರೆಯ ದೊಡ್ಡ ಪಾಲು ಹುಟ್ಟುವುದು ಆ ಪಟ್ಟಿಯಲ್ಲಿ. ಅದನ್ನು ತಿದ್ದುವ ಅಧಿಕಾರ ಸಮಾಲೋಚಕರಿಗಿಲ್ಲ, ತಮಗಿದೆ.

ಗುಂಡು ತಾಗದ ಜಾಗದಲ್ಲಿ, ತಣ್ಣನೆಯ ಕೋಣೆಯಲ್ಲಿ ಕೂತವರಿಗೆ ಎಂಥ ಕಷ್ಟ ಎಂದು ಕೇಳುವವರು ಸೇನೆಯ ಒಳಗೂ ಇದ್ದಾರೆ. ಆ ಕೋಣೆಯ ಕೆಲಸವನ್ನು ಮೊದಲು ಹೇಳಿಬಿಡುತ್ತೇವೆ. ರೀಪರ್‌ನಂಥ ಡ್ರೋನನ್ನು ನಡೆಸುವ ನೆಲದ ನಿಯಂತ್ರಣ ಕೋಣೆಯಲ್ಲಿ ಎಡಗಡೆ ಪೈಲಟ್, ಬಲಗಡೆ ಕ್ಯಾಮೆರಾ ಮತ್ತು ಲೇಸರ್ ನಡೆಸುವ ಸೆನ್ಸರ್ ಆಪರೇಟರ್ ಕೂರುತ್ತಾರೆ. ಬೇಹು ಮಾಹಿತಿ ಜೋಡಿಸಿಕೊಡುವ ಮೂರನೆಯವರೊಬ್ಬರು ಅವರೊಂದಿಗೆ ಸಂಪರ್ಕದಲ್ಲಿರುತ್ತಾರೆ. ಕಣ್ಣ ಮುಂದೆ ಹಲವು ಪರದೆಗಳು, ಕಿವಿಯಲ್ಲಿ ಒಂದಕ್ಕಿಂತ ಹೆಚ್ಚು ಧ್ವನಿಗಳು, ಪಕ್ಕದಲ್ಲಿ ಒಂದೇ ಸಮನೆ ಉರುಳುವ ಲಿಖಿತ ಸಂದೇಶಗಳು. ಉಪಗ್ರಹದ ಮೂಲಕ ಹೋಗಿಬರುವ ಚಿತ್ರಕ್ಕೂ ಆದೇಶಕ್ಕೂ ಒಂದೆರಡು ಸೆಕೆಂಡಿನ ತಡ ಇದ್ದೇ ಇರುತ್ತದೆ. ಪರದೆಯಲ್ಲಿ ಕಾಣುವುದು ಆಗಲೇ ಕಳೆದುಹೋದ ಕ್ಷಣ ಎಂಬ ಎಚ್ಚರ ಇಟ್ಟುಕೊಂಡೇ ಕೆಲಸ ಮಾಡಬೇಕು.

ಹೆಚ್ಚಿನ ಪಾಳಿಗಳಲ್ಲಿ ಏನೂ ನಡೆಯುವುದಿಲ್ಲ. ಒಂದು ಮನೆ, ಒಂದು ಅಂಗಳ, ಒಂದು ರಸ್ತೆ, ಇಷ್ಟನ್ನೇ ಗಂಟೆಗಟ್ಟಲೆ ನೋಡುತ್ತಿರುವುದು. ಇದು ವಿಶ್ರಾಂತಿಯ ಕೆಲಸವೆಂದು ತಿಳಿದವರು ಒಂದು ಹಳೆಯ ಪಾಠವನ್ನು ಮರೆತಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ರೇಡಾರ್ ಆಪರೇಟರ್‌ಗಳು ಪರದೆಯ ಮೇಲಿನ ಗುರುತುಗಳನ್ನು ಏಕೆ ತಪ್ಪಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಎದ್ದಾಗ, ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಗಡಿಯಾರದಂಥ ಸಾಧನ ಇಟ್ಟು ಪ್ರಯೋಗ ನಡೆಸಿದರು. ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಜಿಗಿಯುವುದನ್ನು ಗುರುತಿಸುವುದಷ್ಟೇ ಕೆಲಸ. ಎರಡು ಗಂಟೆಯ ಆ ಪಹರೆಯಲ್ಲಿ ಮೊದಲ ಅರ್ಧ ಗಂಟೆ ಮುಗಿಯುತ್ತಲೇ ತಪ್ಪುಗಳು ಏರಿದವು. ಆ ಫಲಿತಾಂಶ 1948ರಲ್ಲೇ ಅಚ್ಚಾಗಿದೆ. ಇಷ್ಟು ವರ್ಷ ಕಳೆದ ಮೇಲೂ ಒಬ್ಬರನ್ನು ನಾಲ್ಕೈದು ಗಂಟೆ ಎದ್ದೇಳದಂತೆ ಕ್ಯಾಮೆರಾದ ಮುಂದೆ ಕೂರಿಸುವ ಪಟ್ಟಿಗಳಿಗೆ ರುಜು ಬೀಳುತ್ತಿರುವುದನ್ನು ನಾವು ಒಪ್ಪಲಾರೆವು.

ಆಮೇಲೆ ಒಂದು ದಿನ ದಾಳಿಯ ಆದೇಶ ಬರುತ್ತದೆ. ಲೇಸರ್ ಮಾರ್ಗದರ್ಶನದ ಹೆಲ್‌ಫೈರ್ ಕ್ಷಿಪಣಿಯನ್ನು ಬಿಡುವವರು ಪೈಲಟ್. ಅದು ತಲುಪುವವರೆಗೂ ಲೇಸರ್ ಚುಕ್ಕಿಯನ್ನು ಗುರಿಯ ಮೇಲೆ ಅಲುಗದಂತೆ ಹಿಡಿಯುವವರು ಸೆನ್ಸರ್ ಆಪರೇಟರ್. ದೂರ ಮತ್ತು ಎತ್ತರಕ್ಕೆ ತಕ್ಕಂತೆ ಇದಕ್ಕೆ 20ರಿಂದ 30 ಸೆಕೆಂಡು ಹಿಡಿಯಬಹುದು. ಆ ನಡುವೆ ಚೌಕಟ್ಟಿನೊಳಗೆ ಮಗುವೊಂದು ನಡೆದು ಬಂದರೆ ಚುಕ್ಕಿಯನ್ನು ಖಾಲಿ ಜಾಗಕ್ಕೆ ಎಳೆದು ಕ್ಷಿಪಣಿಯನ್ನು ಪಕ್ಕಕ್ಕೆ ತಿರುಗಿಸುವ ಅವಕಾಶ ಉಂಟು. ಆದರೆ ಕೊನೆಯ ಕೆಲವು ಸೆಕೆಂಡುಗಳಲ್ಲಿ ಅದೂ ಉಳಿಯುವುದಿಲ್ಲ. ಚಿತ್ರದ ತಡವನ್ನು ಇದಕ್ಕೆ ಕೂಡಿಸಿಕೊಂಡರೆ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಎಂಥದ್ದೆಂದು ತಿಳಿಯುತ್ತದೆ. ಎಳೆಯಬಹುದಿತ್ತೇ? ನಾನು ತಡಮಾಡಿದೆನೇ? ಎಷ್ಟು ಸಲ ರೆಕಾರ್ಡಿಂಗ್ ನೋಡಿದರೂ ಇದಕ್ಕೆ ಖಚಿತ ಉತ್ತರ ಸಿಗದ ಸಂದರ್ಭಗಳಿವೆ.

ಯುದ್ಧವಿಮಾನದ ಪೈಲಟ್ ಬಾಂಬು ಹಾಕಿ ಮುಂದೆ ಸಾಗುತ್ತಾರೆ. ಡ್ರೋನ್ ಅಲ್ಲೇ ಸುತ್ತುತ್ತಿರುತ್ತದೆ. ಹಾನಿಯ ಲೆಕ್ಕ ಕೊಡಬೇಕಾದ್ದರಿಂದ ಅದೇ ಕ್ಯಾಮೆರಾ, ಅದೇ ಕಣ್ಣು, ಅದೇ ಕುರ್ಚಿ. ಬಿದ್ದವರು ಎಷ್ಟು, ಕದಲುತ್ತಿರುವವರು ಎಷ್ಟು, ಓಡಿ ಬಂದವರು ಯಾರು, ಹೆಣಗಳನ್ನು ಎಲ್ಲಿಗೆ ಒಯ್ದರು, ಎಲ್ಲಿ ಮಣ್ಣು ಮಾಡಿದರು ಎಂಬುದನ್ನು ನೋಡಿ ಬರೆಯಬೇಕು. ಉಷ್ಣಚಿತ್ರ ಕ್ಯಾಮೆರಾ ತೋರಿಸುವುದು ಬಿಸಿಯನ್ನು. ಸತ್ತ ದೇಹದ ಬಿಸಿ ಇಳಿಯುತ್ತ, ಸುತ್ತಲಿನ ನೆಲದ ಬಣ್ಣಕ್ಕೆ ಸೇರಿಹೋಗುವುದನ್ನು ಆ ಕುರ್ಚಿಯಲ್ಲಿರುವವರು ಕಾಣುತ್ತಾರೆ. ಅದಕ್ಕೂ ಮುಂಚೆ ಅದೇ ವ್ಯಕ್ತಿ ಮಕ್ಕಳನ್ನು ಎತ್ತಿಕೊಳ್ಳುವುದನ್ನು, ಅಂಗಳದಲ್ಲಿ ಮಲಗುವುದನ್ನು ವಾರಗಟ್ಟಲೆ ನೋಡಿರುತ್ತಾರೆ. ಆಯುಧದ ದೂರ ಹೆಚ್ಚಿದಂತೆ ಮನಸ್ಸಿಗೂ ದೂರ ಸಿಗುತ್ತದೆ ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ಪಟ್ಟಿಗೆ ಬರುತ್ತೇವೆ.

ಒಂದು ಡ್ರೋನನ್ನು ವಾರವಿಡೀ ಆಕಾಶದಲ್ಲಿಡಲು ಪ್ರತಿ ಕುರ್ಚಿಗೆ 168 ಗಂಟೆ ಬೇಕು. ಒಬ್ಬರು ದಿನಕ್ಕೆ 6 ಗಂಟೆಯಂತೆ ವಾರಕ್ಕೆ 4 ದಿನ ಕೂತರೆ ತಲಾ 24 ಗಂಟೆ, ಅಂದರೆ ಕುರ್ಚಿಗೆ 7 ಜನ. ರಜೆ, ತರಬೇತಿ, ಕಾಯಿಲೆಗೆ ಐದರಲ್ಲೊಂದು ಪಾಲು ತೆಗೆದಿಟ್ಟರೆ 9 ಜನ. ಎರಡು ಕುರ್ಚಿಗೆ 18. ಅದೇ ಕುರ್ಚಿಯನ್ನು 5 ಜನರಲ್ಲಿ ನಡೆಸಲು ಹೋದರೆ ರಜೆ, ತರಬೇತಿ ಕಳೆದು ದಿನದ ಕೆಲಸಕ್ಕೆ ಸಿಗುವವರು 4 ಜನ, ತಲಾ 42 ಗಂಟೆ ಬರೀ ಪರದೆಯ ಮುಂದೆ. ಹಾರಾಟಕ್ಕೆ ಮುಂಚಿನ ಬ್ರೀಫಿಂಗ್, ಪಾಳಿ ಹಸ್ತಾಂತರ, ವರದಿ ಎಂದು ದಿನಕ್ಕೆ 2 ಗಂಟೆ ಸೇರಿಸಿದರೆ ವಾರಕ್ಕೆ 5 ದಿನದ ಲೆಕ್ಕದಲ್ಲಿ 52 ಗಂಟೆ. ಇದರಲ್ಲಿ ಮನೆಗೆ ಹೋಗಿ ಬರುವ ದಾರಿ ಸೇರಿಲ್ಲ. ಜನ ಕಡಿಮೆ ಇದ್ದಾಗ ಡ್ರೋನ್‌ಗಳ ಸಂಖ್ಯೆ ಇಳಿಸಬೇಕು. ಅಮೆರಿಕದ ವಾಯುಪಡೆ ತಾನೇ ನಿಗದಿ ಮಾಡಿಕೊಂಡ ಸಿಬ್ಬಂದಿ ಅನುಪಾತಕ್ಕಿಂತ ಕಡಿಮೆ ಜನರಿಂದ ಕೆಲಸ ತೆಗೆಯುತ್ತಿದೆ ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2014ರಲ್ಲಿ ವರದಿ ಮಾಡಿತು. ಮರುವರ್ಷ ಆ ವಾಯುಪಡೆ ದಿನದ ನಿರಂತರ ಗಸ್ತುಗಳನ್ನು 65ರಿಂದ 60ಕ್ಕೆ ಇಳಿಸಬೇಕಾಯಿತು. ಇಳಿಸಲು ಸಾಧ್ಯವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಪಾಳಿ ತಿರುಗಿಸುವ ಕ್ರಮವೂ ಅಷ್ಟೇ ಮುಖ್ಯ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಜರುಗುತ್ತದೆ. ವಾರಕ್ಕೊಮ್ಮೆ ಪಾಳಿ ಬದಲಾಯಿಸಿದರೆ, ದೇಹ ರಾತ್ರಿಗೆ ಅರ್ಧ ಹೊಂದಿಕೊಂಡ ಹೊತ್ತಿಗೆ ಅದನ್ನು ಮತ್ತೆ ಹಗಲಿಗೆ ಎಳೆದಂತಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇರುವ ಪದ್ಧತಿಗಳಲ್ಲೆಲ್ಲ ಕೆಟ್ಟದ್ದು ಇದೇ. ಎರಡು ಮೂರು ದಿನಕ್ಕೊಮ್ಮೆ ಬೇಗ ತಿರುಗಿಸಿ, ಇಲ್ಲವೇ ಒಪ್ಪಿದವರನ್ನು ತಿಂಗಳುಗಟ್ಟಲೆ ಒಂದೇ ಪಾಳಿಯಲ್ಲಿ ಬಿಡಿ. ತಿರುಗಿಸುವುದಾದರೆ ಬೆಳಗು, ಸಂಜೆ, ರಾತ್ರಿ ಎಂಬ ಮುಂದಿನ ದಿಕ್ಕಿನಲ್ಲೇ ತಿರುಗಿಸಿ. ಎರಡು ಪಾಳಿಗಳ ನಡುವೆ 11 ಗಂಟೆಗಿಂತ ಕಡಿಮೆ ಬಿಡುವು ಬೇಡ. ಸೆನ್ಸರ್ ಕುರ್ಚಿಯಲ್ಲಿ ಒಂದು ಸಲಕ್ಕೆ 2 ಗಂಟೆ ಮೀರಬಾರದು, ಬದಲಿಗೆ ಕೂರಲು ಒಬ್ಬರು ಪಕ್ಕದ ಕೋಣೆಯಲ್ಲಿ ಸಿದ್ಧವಿರಬೇಕು. ರಾತ್ರಿ ಪಾಳಿ ಮುಗಿಸಿದವರು ಮನೆಗೆ ಹೊರಡುವ ಮುಂಚೆ 20 ನಿಮಿಷ ಮಲಗಲು ಕತ್ತಲೆಯ ಕೋಣೆಯೊಂದನ್ನು ಕೊಡಿ, ಸಾಧ್ಯವಾದರೆ ವಾಹನವನ್ನೂ ಚಾಲಕರನ್ನೂ ಕೊಡಿ.

"ನಮ್ಮವರು ಚೆನ್ನಾಗಿಯೇ ಇದ್ದಾರೆ, ನಿದ್ದೆಯ ಬಗ್ಗೆ ಯಾರೂ ದೂರಿಲ್ಲ" ಎಂಬ ಮಾತನ್ನು ನಂಬಬೇಡಿ. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನಶಕ್ತಿಯನ್ನು 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಳೆದಾಗ, ಅದು ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೆ ತಮಗೆ ಅಷ್ಟೇನೂ ತೂಕಡಿಕೆ ಇಲ್ಲವೆಂದೇ ಅವರು ಹೇಳುತ್ತಿದ್ದರು. ನಿದ್ದೆ ಕೆಟ್ಟವರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ, ಅಳೆಯಬೇಕು. ಬೆಳಕು ಕಂಡೊಡನೆ ಗುಂಡಿ ಒತ್ತುವ 10 ನಿಮಿಷದ ಪ್ರತಿಕ್ರಿಯಾ ಪರೀಕ್ಷೆ ಒಂದು ಸಣ್ಣ ಯಂತ್ರದಲ್ಲಿ ಮುಗಿಯುತ್ತದೆ. ಅರ್ಧ ಸೆಕೆಂಡು ಮೀರಿದ ಪ್ರತಿಕ್ರಿಯೆಗಳನ್ನು ಎಣಿಸಿ. ಅದೇ ವ್ಯಕ್ತಿಯ ಹಿಂದಿನ ಎಣಿಕೆಗಿಂತ ಅದು ಏರುತ್ತ ಹೋದರೆ ಪಟ್ಟಿಯನ್ನು ತಿದ್ದಿ. ಆ ವ್ಯಕ್ತಿಗೆ ಶಿಕ್ಷೆ ಬೇಡ.

ಅಂಕಿ ಅಂಶಗಳ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡವೆಂದು ನಾವೂ ಬಯಸುತ್ತೇವೆ. ಅಮೆರಿಕದ ವಾಯುಪಡೆಯ 709 ಡ್ರೋನ್ ಪೈಲಟ್‌ಗಳನ್ನು 5,256 ವಿಮಾನ ಪೈಲಟ್‌ಗಳೊಂದಿಗೆ ಹೋಲಿಸಿದ 2013ರ ಅಧ್ಯಯನದಲ್ಲಿ, ವಯಸ್ಸು, ಯುದ್ಧವಲಯದ ನಿಯೋಜನೆ ಮೊದಲಾದವುಗಳನ್ನು ಸರಿದೂಗಿಸಿದ ಮೇಲೆ ಎರಡು ಗುಂಪುಗಳ ಮಾನಸಿಕ ತೊಂದರೆಯ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ತೋರಿಸಿ "ಸಮಸ್ಯೆಯೇ ಇಲ್ಲ" ಎನ್ನುವವರಿದ್ದಾರೆ. ಆದರೆ ಆ ಅಧ್ಯಯನ ಎಣಿಸಿದ್ದು ವೈದ್ಯಕೀಯ ದಾಖಲೆಗಳನ್ನು, ಅಂದರೆ ವೈದ್ಯರ ಬಾಗಿಲು ತಟ್ಟಿದವರನ್ನು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ 1,084 ಆಪರೇಟರ್‌ಗಳನ್ನು ನೇರವಾಗಿ ಕೇಳಿತು. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯ ಲಕ್ಷಣಗಳಿದ್ದವರು 4.3 ಶೇಕಡಾ. ಯುದ್ಧವಲಯದಿಂದ ಮರಳಿದ ಸೈನಿಕರ 10ರಿಂದ 18 ಶೇಕಡಾಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಅದೇ ವಾಯುಪಡೆಯ ವೈದ್ಯಕೀಯ ದಾಖಲೆಗಳಲ್ಲಿ ಇದ್ದದ್ದು 1 ಶೇಕಡಾಕ್ಕಿಂತಲೂ ಕಡಿಮೆ. ನಡುವಿನ ಆ ಅಂತರವನ್ನು ತಾವು ಗಮನಿಸಬೇಕು. ನರಳುತ್ತಿದ್ದರೂ ವೈದ್ಯರ ಬಳಿ ಬಾರದವರು ಅಲ್ಲಿದ್ದಾರೆ.

ಏಕೆ ಬರುವುದಿಲ್ಲ? ಬಂದರೆ ಹಾರಾಟದ ಅರ್ಹತೆ ಹೋಗುತ್ತದೆ, ಗೋಪ್ಯ ಮಾಹಿತಿ ನೋಡುವ ಅನುಮತಿ ಹೋಗುತ್ತದೆ, ತನ್ನ ಪಾಳಿ ಜೊತೆಯವರ ತಲೆಗೆ ಬೀಳುತ್ತದೆ. ಬಂದರೂ ಏನು ಹೇಳುವುದು? ಗೋಪ್ಯತೆಯ ಅನುಮತಿ ಇಲ್ಲದ ಸಮಾಲೋಚಕರ ಮುಂದೆ ತಾನು ಕಂಡದ್ದನ್ನು ಬಾಯಿಬಿಟ್ಟರೆ ಅದೇ ಅಪರಾಧ. ಮನೆಯಲ್ಲಂತೂ ಹೇಳುವಂತೆಯೇ ಇಲ್ಲ. ಅಮೆರಿಕದ ಡ್ರೋನ್ ಕಾರ್ಯಾಚರಣೆಯ ಮುಖ್ಯ ನೆಲೆ ನೆವಾಡಾದ ಕ್ರೀಚ್‌ನಲ್ಲಿ ಇದಕ್ಕೊಂದು ದಾರಿ ಮಾಡಿದರು. ಅನುಮತಿ ಪಡೆದ ಮನೋವಿಜ್ಞಾನಿಗಳನ್ನೂ ವೈದ್ಯರನ್ನೂ ಧರ್ಮಗುರುಗಳನ್ನೂ ಕಾರ್ಯಾಚರಣೆಯ ಕಟ್ಟಡದೊಳಕ್ಕೇ ತಂದು ಕೂರಿಸಿದರು. ಪ್ರತಿ ಸ್ಕ್ವಾಡ್ರನ್ನಿಗೆ ಹೀಗೆ ಒಬ್ಬರಾದರೂ ಬೇಕು. ಅವರು ವಾರಕ್ಕೊಂದು ರಾತ್ರಿ ಪಾಳಿಯನ್ನಾದರೂ ಸಿಬ್ಬಂದಿಯೊಂದಿಗೆ ಕಳೆಯಬೇಕು. ಹಗಲು ಹತ್ತರಿಂದ ಐದರವರೆಗೆ ತೆರೆದಿರುವ ಕಚೇರಿಯಿಂದ ರಾತ್ರಿ ಮೂರರ ದಾಳಿಗೆ ಪ್ರಯೋಜನವಿಲ್ಲ. ಜೊತೆಗೆ, ತಾನಾಗಿಯೇ ನೆರವು ಕೇಳಿ ಬಂದವರ ಅರ್ಹತೆಯನ್ನು ಆ ಕಾರಣಕ್ಕಾಗಿ ಮಾತ್ರ ತಡೆಹಿಡಿಯುವುದಿಲ್ಲ ಎಂಬ ಲಿಖಿತ ಆದೇಶ ತಮ್ಮ ರುಜುವಿನೊಂದಿಗೆ ಹೊರಬೀಳಲಿ. ಬಾಯಿಮಾತಿನ ಭರವಸೆಯನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ವೈದ್ಯರಿಗೂ ಒಂದು ಮಾತು. ಪರದೆಯಲ್ಲಿ ನೋಡಿದ್ದರಿಂದ ಪಿಟಿಎಸ್‌ಡಿ ಬರುವುದಿಲ್ಲ, ನಿಯಮವೇ ಹಾಗಿದೆ ಎಂದು ಅರ್ಜಿ ತಿರಸ್ಕರಿಸುವುದು ತಪ್ಪು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ 2013ರ ಐದನೆಯ ಆವೃತ್ತಿ ಟಿವಿ, ಸಿನಿಮಾ, ವಿದ್ಯುನ್ಮಾನ ಚಿತ್ರಗಳ ಮೂಲಕ ಆದ ಅನುಭವವನ್ನು ಹೊರಗಿಟ್ಟಿರುವುದು ನಿಜ. ಆದರೆ ಆ ನೋಟ ಉದ್ಯೋಗದ ಭಾಗವಾಗಿದ್ದರೆ ಹೊರಗಿಡುವಂತಿಲ್ಲ ಎಂದು ಅದೇ ವಾಕ್ಯ ಹೇಳುತ್ತದೆ. ವಾಕ್ಯವನ್ನು ಕೊನೆಯವರೆಗೆ ಓದಬೇಕೆಂದು ವಿನಂತಿ.

ದಾಳಿಯ ನಂತರದ ಗಂಟೆಗಳಲ್ಲಿ ಒಳ್ಳೆಯ ಉದ್ದೇಶದಿಂದಲೇ ಒಂದು ತಪ್ಪು ನಡೆಯುತ್ತದೆ. ಎಲ್ಲರನ್ನೂ ಕೂರಿಸಿ, ಕಂಡದ್ದನ್ನೂ ಅನಿಸಿದ್ದನ್ನೂ ಕಡ್ಡಾಯವಾಗಿ ಹೇಳಿಸುವುದು. ಒಂದೇ ಬೈಠಕ್ಕಿನ ಇಂಥ ಹೇಳಿಕೆ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಲ್ಲಿ ಹೆಚ್ಚಿಸಲೂಬಹುದು ಎಂದು, ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಪರಿಶೀಲನೆ ಎರಡು ದಶಕಗಳ ಹಿಂದೆಯೇ ತೋರಿಸಿದೆ. ಅದನ್ನು ಬಿಟ್ಟುಬಿಡಿ. ಅದರ ಬದಲು ದಾಳಿ ನಡೆಸಿದವರನ್ನು ಅರ್ಧ ಗಂಟೆಯೊಳಗೆ ಕುರ್ಚಿಯಿಂದ ಬಿಡಿಸಿ. ಹೆಣ ಎಣಿಸುವ ಕೆಲಸವನ್ನು ಬದಲಿ ತಂಡ ಮಾಡಲಿ. ನಡೆದ ಘಟನೆಯನ್ನು ಸಮಯದ ಕ್ರಮದಲ್ಲಿ ಚುಟುಕಾಗಿ ಹೇಳಿ ಮುಗಿಸಲಿ, ಭಾವನೆ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಮುಂದಿನ ಎರಡು ರಾತ್ರಿ ಅವರು ಮಲಗುವಂತೆ ಪಾಳಿ ಹೊಂದಿಸಿ. ಬಿಡುವು ಬೇಕೇ ಎಂದು ಕೇಳಬೇಡಿ, ಬೇಡವೆಂದೇ ಹೇಳುತ್ತಾರೆ. ದಾಳಿ ನಡೆಸಿದ ಎಲ್ಲರಿಗೂ ತಾನಾಗಿ ಅನ್ವಯಿಸುವ ನಿಯಮವಾಗಿದ್ದರೆ ಯಾರಿಗೂ ಅವಮಾನವೆನಿಸದು. ಬ್ರಿಟನ್ನಿನ ರಾಯಲ್ ಮರೀನ್ ಪಡೆಯಲ್ಲಿ ಬೆಳೆದ ಪದ್ಧತಿಯಂತೆ, ತರಬೇತಿ ಪಡೆದ ಸಹೋದ್ಯೋಗಿಯೊಬ್ಬರು ಘಟನೆಯಾದ ಮೂರನೆಯ ದಿನ ಒಮ್ಮೆ, ತಿಂಗಳಾದ ಮೇಲೆ ಮತ್ತೊಮ್ಮೆ ಮಾತಾಡಿಸಲಿ. ತಿಂಗಳ ಹೊತ್ತಿಗೆ ಪಿಟಿಎಸ್‌ಡಿ ಲಕ್ಷಣಗಳನ್ನು ಅಳೆಯುವ, 20 ಪ್ರಶ್ನೆಗಳ ಪಿಸಿಎಲ್-5 ಪಟ್ಟಿ ತುಂಬಿಸಿ. 80 ಅಂಕಗಳಲ್ಲಿ 31–33 ದಾಟಿದವರನ್ನು ಪೂರ್ಣ ತಪಾಸಣೆಗೆ ಕಳಿಸಿ.

ಯುದ್ಧವಲಯದಿಂದ ಮರಳುವ ಬ್ರಿಟಿಷ್ ಸೈನಿಕರನ್ನು ಮನೆಗೆ ಕಳಿಸುವ ಮುಂಚೆ ಸೈಪ್ರಸ್‌ನಲ್ಲಿ ಒಂದೂವರೆ ದಿನದವರೆಗೆ ಇಳಿಸಿಕೊಂಡು, ಜೊತೆಗಾರರೊಡನೆ ದಣಿವಾರಿಸಿಕೊಳ್ಳಲು ಬಿಡುತ್ತಿದ್ದರು. ಡ್ರೋನ್ ಆಪರೇಟರ್‌ಗೆ ಯುದ್ಧದಿಂದ ಮನೆಗೆ ಇರುವ ಅಂತರ ಕಾರಿನ ದಾರಿಯಷ್ಟೇ. ಕ್ರೀಚ್‌ನಿಂದ ಲಾಸ್ ವೇಗಸ್‌ಗೆ ಅದು ಸುಮಾರು 70 ಕಿಲೋಮೀಟರ್. ಮರುದಿನ ಮತ್ತೆ ಅದೇ ದಾರಿ, ಹೀಗೆ ವರ್ಷಗಟ್ಟಲೆ. ನಿಯೋಜನೆಗೊಂದು ಕೊನೆಯ ದಿನಾಂಕ ಎಂಬುದೇ ಇಲ್ಲ. ಹಾಗಾಗಿ ಆರು ತಿಂಗಳ ಕುರ್ಚಿಗೆ ಎರಡು ತಿಂಗಳ ತರಬೇತಿ ಅಥವಾ ಬೇರೆ ಹೊಣೆ ಎಂಬ ಸರದಿಯನ್ನು ಬರೆದಿಡಬೇಕೆಂದು ಕೇಳುತ್ತೇವೆ.

ಭಯದಿಂದಾದ ಗಾಯಕ್ಕೂ ಆತ್ಮಸಾಕ್ಷಿಗೆ ಬಿದ್ದ ಪೆಟ್ಟಿಗೂ ವ್ಯತ್ಯಾಸವಿದೆ. ಎರಡನೆಯದನ್ನು ಮನೋವಿಜ್ಞಾನಿಗಳು ನೈತಿಕ ಗಾಯ ಎನ್ನುತ್ತಾರೆ. ಡ್ರೋನ್ ಕೆಲಸದಲ್ಲಿ ಹೆಚ್ಚು ಕಾಡುವುದು ಇದು ಎಂಬುದು ನಮ್ಮ ತಿಳಿವಳಿಕೆ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಬಿಳಿ ಕಾರೊಂದನ್ನು ಸುಮಾರು ಎಂಟು ಗಂಟೆ ಡ್ರೋನ್‌ಗಳಿಂದ ಹಿಂಬಾಲಿಸಿ ನಡೆಸಿದ ದಾಳಿಯಲ್ಲಿ 10 ನಾಗರಿಕರು ಸತ್ತರು, ಅವರಲ್ಲಿ 7 ಮಕ್ಕಳು. ಅದು ತಪ್ಪೆಂದು ಅಮೆರಿಕದ ಸೇನೆ ಸೆಪ್ಟೆಂಬರ್ 17ರಂದು ಒಪ್ಪಿಕೊಂಡಿತು. ಎಲ್ಲಕ್ಕಿಂತ ಮೊದಲು ನ್ಯಾಯ ಸಲ್ಲಬೇಕಾದದ್ದು ಸತ್ತವರ ಮನೆಯವರಿಗೆ, ಅದರಲ್ಲಿ ಎರಡು ಮಾತಿಲ್ಲ. ಇಂಥ ಘಟನೆಯ ನಂತರ ಆ ಕುರ್ಚಿಗಳಲ್ಲಿದ್ದವರಿಗೆ "ನಿನ್ನದೇನೂ ತಪ್ಪಿಲ್ಲ, ಅದು ನಿನ್ನ ತಪ್ಪು ಆಲೋಚನೆ" ಎಂದು ಚಿಕಿತ್ಸಕರು ಹೇಳಿದರೆ ಅವರು ಮತ್ತೆಂದೂ ಬಾಯಿಬಿಡುವುದಿಲ್ಲ. ಸತ್ತದ್ದು ಮಕ್ಕಳೆಂಬುದು ಅವರ ಕಲ್ಪನೆಯಲ್ಲ. ತನಿಖೆಯ ವರದಿಯನ್ನು ಆ ತಂಡಕ್ಕೆ ಓದಿ ಹೇಳಿ. ಯಾವ ಮಾಹಿತಿ ತಪ್ಪಿತ್ತು, ಅದು ಯಾರಿಂದ ಬಂತು, ತಂಡ ಎತ್ತಿದ ಅನುಮಾನ ಎಲ್ಲಿ ಕಳೆದುಹೋಯಿತು ಎಂಬುದು ತಿಳಿದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಹೊಣೆಯನ್ನು ಅದರ ಅಳತೆಯಲ್ಲೇ ಹೊರಬಲ್ಲರು. ತಿಳಿಯದಿದ್ದರೆ ಇಡೀ ಹೊರೆ ಕ್ಯಾಮೆರಾ ಹಿಡಿದವರ ಮೇಲೆ ಕೂರುತ್ತದೆ. ದಾಳಿಗೆ ಮುಂಚೆ ಕೋಣೆಯಲ್ಲಿರುವ ಯಾರೇ ಆದರೂ "ನಿಲ್ಲಿಸಿ" ಎನ್ನುವ ಹಕ್ಕು, ಹಾಗೆಂದವರಿಗೆ ಮುಂದೆ ತೊಂದರೆಯಾಗದೆಂಬ ಖಾತರಿ, ಇವೂ ಮಾನಸಿಕ ಆರೋಗ್ಯದ ಕ್ರಮಗಳೇ.

ಇನ್ನೊಂದು ಗುಂಪನ್ನು ಪಟ್ಟಿಗಳೇ ಮರೆತಿವೆ. ಅದೇ ಚಿತ್ರವನ್ನು ಬೇರೆ ಕಟ್ಟಡದಲ್ಲಿ ಕೂತು ನೋಡುವ, ಕ್ಷಣಕ್ಷಣಕ್ಕೆ ಬರೆದು ಕಳಿಸುವ ವಿಶ್ಲೇಷಕರು. ಅವರಿಗೆ ರೆಕ್ಕೆಯ ಬಿಲ್ಲೆಯಿಲ್ಲ, ಹಾರಾಟದ ಭತ್ಯೆಯಿಲ್ಲ, ಹಾರಾಟ ವೈದ್ಯರ ತಪಾಸಣೆಯೂ ಅನೇಕ ಕಡೆ ಇಲ್ಲ. ಆದರೆ ತುಣುಕನ್ನು ಹಿಂದೆ ಮುಂದೆ ಓಡಿಸಿ ಮತ್ತೆ ಮತ್ತೆ ನೋಡುವವರು ಅವರೇ. ಮೇಲೆ ಕೇಳಿದ್ದೆಲ್ಲ ಅವರಿಗೂ ಸಲ್ಲಬೇಕು.

ಉಕ್ರೇನ್ ಯುದ್ಧ ಬೆಳೆಸಿದ, ಡ್ರೋನಿನ ಕ್ಯಾಮೆರಾ ಕಂಡದ್ದನ್ನೇ ನೋಡುತ್ತ ಹಾರಿಸುವ ಸಣ್ಣ ಎಫ್‌ಪಿವಿ ಡ್ರೋನ್‌ಗಳ ಆಪರೇಟರ್‌ಗಳ ಸ್ಥಿತಿ ಬೇರೆ. ಅವರು ಮುಂಚೂಣಿಯಿಂದ ಕೆಲವೇ ಕಿಲೋಮೀಟರ್ ಹಿಂದೆ, ನೆಲಮಾಳಿಗೆಯಲ್ಲೋ ಕಂದಕದಲ್ಲೋ ಕನ್ನಡಕ ತೊಟ್ಟು ಕೂರುತ್ತಾರೆ. ಶತ್ರು ಮೊದಲು ಹುಡುಕುವುದೇ ಅವರನ್ನು. ಡ್ರೋನಿನ ಕಣ್ಣೇ ಅವರ ಕಣ್ಣು, ಎದುರಿನ ಮನುಷ್ಯ ತಲೆಯೆತ್ತಿ ನೋಡುವ ಕ್ಷಣದವರೆಗೂ. ಚಿತ್ರ ಅಲ್ಲಿಗೆ ಕಡಿದುಹೋದರೆ ಮೇಲಿರುವ ಇನ್ನೊಂದು ಡ್ರೋನ್ ಉಳಿದದ್ದನ್ನು ತೋರಿಸುತ್ತದೆ. ದಿನಕ್ಕೆ ಇಂಥ ಹಲವು ಹಾರಾಟಗಳು. ಇಲ್ಲಿ ಪಾಳಿಯ ಸೂಕ್ಷ್ಮ ಲೆಕ್ಕ ನಡೆಯುವುದಿಲ್ಲವೆಂದು ಬಲ್ಲೆವು. ಆದರೂ ತಂಡವನ್ನು ಕೆಲವು ದಿನಕ್ಕೊಮ್ಮೆ ಹಿಂದಕ್ಕೆ ಕರೆಸುವುದು, ಹಾರಿಸುವ ಹಾಗೂ ವೀಕ್ಷಿಸುವ ಕೆಲಸವನ್ನು ತಂಡದೊಳಗೆ ಅದಲುಬದಲು ಮಾಡುವುದು ಸಾಧ್ಯ. ವೀಡಿಯೊ ಸಾಕ್ಷಿ ನೋಡಿ ಹೊಡೆತಕ್ಕೆ ಅಂಕ ಕೊಡುವ ಪದ್ಧತಿ ಅಲ್ಲಿದೆ. ಸಲಕರಣೆ ಹಂಚಲು ಅದು ಅನುಕೂಲವಿರಬಹುದು. ಆದರೆ ಅಂಕದ ಪಟ್ಟಿಯಲ್ಲಿ ವ್ಯಕ್ತಿಯ ಹೆಸರು ಬರಕೂಡದು. ಯುದ್ಧ ಮುಗಿದ ಮೇಲೆ ಆ ಸಂಖ್ಯೆಯ ಜೊತೆ ಬದುಕಬೇಕಾದವರು ಅವರು.

ಗೌರವದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಡ್ರೋನ್ ಮತ್ತು ಸೈಬರ್ ಯೋಧರಿಗೆಂದು ಅಮೆರಿಕ 2013ರ ಫೆಬ್ರವರಿಯಲ್ಲಿ ಪದಕವೊಂದನ್ನು ಘೋಷಿಸಿ, ವಿರೋಧ ಬಂದಾಗ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು. 2016ರಲ್ಲಿ ಬೇರೆ ಪದಕಗಳ ಮೇಲೆ ತೊಡುವ 'ಆರ್' ಅಕ್ಷರದ ಸಣ್ಣ ಲಾಂಛನ ಬಂತು. ಪದಕ ಕೊಡುವುದು ಬಿಡುವುದು ತಮಗೆ ಬಿಟ್ಟದ್ದು, ಕೊಟ್ಟು ಕಿತ್ತುಕೊಳ್ಳುವುದು ಬೇಡ.

ಕೊನೆಯ ಬೇಡಿಕೆ ದಾಖಲೆಯದು. ವಿಕಿರಣದ ನಡುವೆ ಕೆಲಸ ಮಾಡುವವರು ಎದೆಗೆ ಬಿಲ್ಲೆ ಧರಿಸುತ್ತಾರೆ. ಅವರ ದೇಹಕ್ಕೆ ತಾಗಿದ ಪ್ರಮಾಣ ತಿಂಗಳು ತಿಂಗಳು ಪುಸ್ತಕಕ್ಕೇರುತ್ತದೆ. ಡ್ರೋನ್ ಆಪರೇಟರ್‌ಗೆ ಅಂಥದ್ದೇನೂ ಇಲ್ಲ. ಕಾರ್ಯಾಚರಣೆಯ ದಾಖಲೆಯೆಲ್ಲ ಗೋಪ್ಯವಾದ್ದರಿಂದ ನಿವೃತ್ತರಾಗಿ ಹತ್ತು ವರ್ಷದ ಮೇಲೆ ಕಾಯಿಲೆ ಬಿದ್ದರೆ ಅದು ಕೆಲಸದಿಂದ ಬಂದದ್ದೆಂದು ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಪ್ರತಿಯೊಬ್ಬ ಆಪರೇಟರ್‌ಗೂ, ವಿಶ್ಲೇಷಕರಿಗೂ ಒಂದು ಕಾರ್ಡು ಇರಲಿ: ಕುರ್ಚಿಯಲ್ಲಿ ಕಳೆದ ಗಂಟೆಗಳು, ರಾತ್ರಿ ಪಾಳಿಗಳು, ಕಂಡ ದಾಳಿಗಳು, ದಾಳಿಯ ನಂತರ ನೋಡಬೇಕಾಗಿ ಬಂದ ಗಂಟೆಗಳು, ನಾಗರಿಕರು ಸತ್ತ ಘಟನೆಗಳು. ಊರಿನ ಹೆಸರು ಬೇಡ, ಕಾರ್ಯಾಚರಣೆಯ ಹೆಸರು ಬೇಡ, ಸಂಖ್ಯೆಗಳು ಸಾಕು. ಅದರ ಒಂದು ಪ್ರತಿ ವೈದ್ಯಕೀಯ ಕಡತದಲ್ಲಿರಲಿ, ಇನ್ನೊಂದು ಸೇವೆ ಬಿಡುವ ದಿನ ಅವರ ಕೈಗೆ ಸೇರಲಿ. ಈಗಾಗಲೇ ಸೇವೆ ಬಿಟ್ಟವರಿಗೆ ಹಳೆಯ ಪಾಳಿಯ ಪಟ್ಟಿಗಳಿಂದಲೇ ಇದನ್ನು ತುಂಬಿಕೊಡಬಹುದು. ಆ ಪಟ್ಟಿಗಳನ್ನು ನಾಶಪಡಿಸದಂತೆ ಇಂದೇ ಆದೇಶ ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ವಿಮಾನಯಾನ ವೈದ್ಯಕೀಯ ಮತ್ತು ಸೇನಾ ಮಾನಸಿಕ ಆರೋಗ್ಯ ಕ್ಷೇತ್ರದ ಕಾಳಜಿಯುಳ್ಳವರು